ಕೋಶವನ್ನು ನೋಡಲು ಬೆಳಕೂ ಬೇಕು, ಎಲೆಕ್ಟ್ರಾನೂ ಬೇಕು

ಮೈಸೂರು, ಮಂಡ್ಯ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ರೈತರು ಸೂಕ್ಷ್ಮದರ್ಶಕವನ್ನು ಕೈಯಿಂದ ಮುಟ್ಟಿರಲಿಕ್ಕಿಲ್ಲ. ಆದರೆ ಅವರು ಮನೆಗೆ ತರುವ ರೋಗರಹಿತ ಮೊಟ್ಟೆಯ ಹಿಂದೆ ಅದರ ತೀರ್ಪು ಇದ್ದೇ ಇರುತ್ತದೆ. ಬಿತ್ತನೆ ಕೋಠಿಯಲ್ಲಿ ಮೊಟ್ಟೆ ಇಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ತೆಳು ದ್ರಾವಣದಲ್ಲಿ ಅರೆದು, ಅದರ ಒಂದು ಹನಿಯನ್ನು ಗಾಜಿನ ಫಲಕದ ಮೇಲಿಟ್ಟು, 600 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಸುಮಾರು 4 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೊಮೀಟರ್) ಉದ್ದದ, ಮೊಟ್ಟೆಯಾಕಾರದ, ಹೊಳೆಯುವ ಬೀಜಕಗಳು, ಅಂದರೆ ರೋಗಾಣುವಿನ ಬೀಜದಂಥ ಕಣಗಳು, ಕಣ್ಣಿಗೆ ಬಿದ್ದರೆ ಅದು ಗಂಟುರೋಗ. ಆ ಚಿಟ್ಟೆಯ ಮೊಟ್ಟೆ ಯಾರ ಹುಳುಮನೆಗೂ ಹೋಗುವಂತಿಲ್ಲ.

ಈ ಕ್ರಮವನ್ನು ಹಾಕಿಕೊಟ್ಟವನು ಲೂಯಿ ಪಾಶ್ಚರ್. 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿದ್ದು, ರೋಗವು ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮುಂದಿನ ಬೆಳೆಗೆ ದಾಟುತ್ತದೆ ಎಂಬುದನ್ನು ಅವನು ಖಚಿತಪಡಿಸಿದ. ಒಂದು ಮನೆಯ ಹುಳು ಬೆಳೆಯಿಂದ ಬೆಳೆಗೆ ಸಾಯುತ್ತಾ ಹೋದರೆ ದೃಷ್ಟಿ ತಗುಲಿತೆಂದು ಹುಳುಮನೆಯ ಬಾಗಿಲಿಗೆ ಕುಂಬಳಕಾಯಿ ಕಟ್ಟುವುದು, ಮುಟ್ಟಾದ ಹೆಣ್ಣುಮಕ್ಕಳನ್ನು ಒಳಗೆ ಬಿಡದಿರುವುದು ನಮ್ಮಲ್ಲಿ ಇನ್ನೂ ಪೂರ್ತಿಯಾಗಿ ನಿಂತಿಲ್ಲ. ಕಾರಣವು ಒಂದು ಹನಿ ದ್ರಾವಣದಲ್ಲಿ ಕಣ್ಣಿಗೆ ಕಾಣುವಂತಿರುವಾಗ ಅದರ ಹೊಣೆಯನ್ನು ಮನೆಯ ಹೆಣ್ಣುಮಕ್ಕಳ ತಲೆಗೆ ಕಟ್ಟುವುದು ಸಣ್ಣ ಅನ್ಯಾಯವಲ್ಲ.

ಹಾಗಾದರೆ 600 ಪಟ್ಟಿಗೇ ಏಕೆ ನಿಲ್ಲಬೇಕು, 60,000 ಪಟ್ಟು ಹಿಗ್ಗಿಸಿದರೆ ಇನ್ನೂ ಚೆನ್ನಾಗಿ ಕಾಣುವುದಿಲ್ಲವೇ? ವಿಜ್ಞಾನ ಪ್ರದರ್ಶನಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ನಿಂತವರು ಮೊದಲು ಕೇಳುವುದೇ ‘ಇದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ’ ಎಂದು. ಆದರೆ ಕೇಳಬೇಕಾದದ್ದು ಬೇರೆ: ಅಕ್ಕಪಕ್ಕದಲ್ಲಿರುವ ಎರಡು ಚುಕ್ಕೆಗಳನ್ನು ಎರಡಾಗಿಯೇ ತೋರಿಸಬೇಕಾದರೆ ಅವುಗಳ ನಡುವೆ ಕನಿಷ್ಠ ಎಷ್ಟು ಅಂತರವಿರಬೇಕು? ಇದನ್ನು ಪೃಥಕ್ಕರಣ ಸಾಮರ್ಥ್ಯ ಎನ್ನುತ್ತಾರೆ. ಎರಡು ಚುಕ್ಕೆಗಳು ಮಸೂರದಲ್ಲೇ ಒಂದಾಗಿ ಬೆರೆತುಹೋದರೆ ಆಮೇಲೆ ಎಷ್ಟು ಹಿಗ್ಗಿಸಿದರೂ ದೊರೆಯುವುದು ದೊಡ್ಡದೊಂದು ಮಸುಕು ಮಾತ್ರ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 1,500 ಪಟ್ಟಿನಾಚೆಗೆ ಹೊಸ ವಿವರವೇನೂ ಸಿಗುವುದಿಲ್ಲ.

ಇದು ಮಸೂರ ಉಜ್ಜುವವರ ಕೈಚಳಕದ ಕೊರತೆಯಿಂದ ಬಂದ ಮಿತಿಯಲ್ಲ, ಬೆಳಕಿನ ಸ್ವಭಾವದಿಂದಲೇ ಬಂದದ್ದು. ಗಾಳಿ ಬೀಸುವಾಗ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಿಂತು ನೋಡಿದರೆ, ಅಲೆಗಳು ದೊಡ್ಡ ಬಂಡೆಗೆ ಬಡಿದಾಗ ಅದರ ಹಿಂದೆ ನೀರು ಶಾಂತವಾಗಿರುವುದು ಕಾಣುತ್ತದೆ. ಬಂಡೆಯನ್ನು ನೋಡದೆ ಬರಿಯ ನೀರನ್ನು ನೋಡಿಯೇ ಅಲ್ಲೊಂದು ತಡೆಯಿದೆ ಎಂದು ಹೇಳಬಹುದು. ಅದೇ ಅಲೆ ನೀರಿನಿಂದ ತಲೆಯೆತ್ತಿದ ಜೊಂಡಿನ ತೆಳು ಕಡ್ಡಿಯನ್ನು ಹಾಯುವಾಗ ಎರಡೂ ಬದಿಯಿಂದ ಬಂದು ಸೇರಿಕೊಂಡು, ಏನೂ ಆಗದಂತೆ ಮುಂದೆ ಸಾಗುತ್ತದೆ. ಕಡ್ಡಿ ಒಂದಿತ್ತೋ ಎರಡಿತ್ತೋ ಎಂಬ ಸುದ್ದಿ ದಡಕ್ಕೆ ಬಂದ ಅಲೆಯಲ್ಲಿ ಉಳಿದಿರುವುದೇ ಇಲ್ಲ. ಬೆಳಕೂ ಅಲೆಯೇ, ಹಸಿರು ಬೆಳಕಿನ ತರಂಗಾಂತರ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನದರ ತುದಿಗಿರುವ ದೂರ, ಸುಮಾರು 550 ನ್ಯಾನೊಮೀಟರ್ (ಮೈಕ್ರೊಮೀಟರಿನ ಸಾವಿರದಲ್ಲೊಂದು ಪಾಲು ಒಂದು ನ್ಯಾನೊಮೀಟರ್). ಜರ್ಮನಿಯ ಯೇನಾ ನಗರದ ಅರ್ನ್ಸ್ಟ್ ಆಬೆ 1873ರಲ್ಲಿ ಈ ಮಿತಿಯನ್ನು ಲೆಕ್ಕಕ್ಕೆ ತಂದ: ಮಸೂರ ಎಷ್ಟೇ ಉತ್ತಮವಾಗಿದ್ದರೂ ತರಂಗಾಂತರದ ಅರ್ಧಕ್ಕಿಂತ ಬಹಳ ಕೆಳಗೆ ಇಳಿಯಲಾಗದು, ಅಂದರೆ ಸುಮಾರು 200 ನ್ಯಾನೊಮೀಟರೇ ಕೊನೆ. ಕೋಶಕೇಂದ್ರ, ಹರಿತ್ತಿನ ಕಣಗಳು, ವಿಭಜನೆಯ ವೇಳೆಯ ವರ್ಣತಂತುಗಳು ಈ ಗೆರೆಯ ಮೇಲೇ ಇರುವುದರಿಂದ ಕಾಣುತ್ತವೆ. ಆದರೆ ಕೋಶಪೊರೆಯ ದಪ್ಪ 10 ನ್ಯಾನೊಮೀಟರನ್ನೂ ಮುಟ್ಟುವುದಿಲ್ಲ. ಕೋಶದೊಳಗೆ ಪ್ರೋಟೀನು ತಯಾರಿಸುವ ಕಣವಾದ ರೈಬೋಸೋಮಿನ ಅಡ್ಡಳತೆ 20ರಿಂದ 30 ನ್ಯಾನೊಮೀಟರ್.

ಅಲೆಯೇ ಅಡ್ಡಿಯಾದರೆ ಇನ್ನೂ ಸಣ್ಣ ಅಲೆಯನ್ನು ಹುಡುಕಬೇಕು. ಚಲಿಸುವ ಎಲೆಕ್ಟ್ರಾನಿಗೂ ಅಲೆಯ ಗುಣವಿದೆಯೆಂದು ಲೂಯಿ ಡಿ ಬ್ರಾಯ್ 1924ರಲ್ಲಿ ಮಂಡಿಸಿದ. ತಂತಿಯ ಸುರುಳಿಯ ಕಾಂತಕ್ಷೇತ್ರವು ಎಲೆಕ್ಟ್ರಾನುಗಳಿಗೆ ಮಸೂರವಾಗಬಲ್ಲದೆಂದು ಹಾನ್ಸ್ ಬುಷ್ 1926ರಲ್ಲಿ ತೋರಿಸಿದ. ಇವೆರಡೂ ಬಂದು ಸೇರಿದ್ದು ಬರ್ಲಿನ್ನಿನಲ್ಲಿ: ಮಾಕ್ಸ್ ಕ್ನೋಲ್ ಮತ್ತು ಎರ್ನ್ಸ್ಟ್ ರುಸ್ಕಾ 1931ರಲ್ಲಿ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಕಟ್ಟಿದರು, 1933ರಲ್ಲಿ ರುಸ್ಕಾ ಬೆಳಕಿನ ಮಿತಿಯನ್ನು ದಾಟಿದ. ಅವನಿಗೆ ನೊಬೆಲ್ ಪುರಸ್ಕಾರ ಬಂದದ್ದು 1986ರಲ್ಲಿ, ಎಂಬತ್ತರ ಅಂಚಿನಲ್ಲಿ. ಇಷ್ಟು ತಡವಾಗಿ ಸಂದ ಮನ್ನಣೆ ನನಗೆ ಇಂದಿಗೂ ಸರಿಯೆನಿಸುವುದಿಲ್ಲ. ಒಂದು ಲಕ್ಷ ವೋಲ್ಟಿನಲ್ಲಿ ಓಡುವ ಎಲೆಕ್ಟ್ರಾನಿನ ತರಂಗಾಂತರ ಸುಮಾರು 0.0037 ನ್ಯಾನೊಮೀಟರ್. ಕಾಂತಮಸೂರಗಳ ದೋಷಗಳಿಂದಾಗಿ ಅಷ್ಟು ಸೂಕ್ಷ್ಮ ವಿವರ ಕೈಗೆ ಸಿಗುವುದಿಲ್ಲವಾದರೂ, ಕೋಶದ ತೆಳು ಸೀಳಿನಲ್ಲಿ ಕೆಲವೇ ನ್ಯಾನೊಮೀಟರುಗಳವರೆಗೆ ಇಳಿಯಬಹುದು.

ಗಂಟುರೋಗದ ಬೀಜಕವನ್ನೇ ಸೀಳಿ ಎಲೆಕ್ಟ್ರಾನುಗಳಲ್ಲಿ ನೋಡಿದರೆ, ಬೆಳಕಿನಲ್ಲಿ ಬರಿಯ ಹೊಳಪಾಗಿದ್ದದ್ದರ ಒಳಗೆ ಸುರುಳಿ ಸುತ್ತಿಕೊಂಡು ಕೂತ ಸಪೂರ ನಳಿಕೆಯೊಂದು ಸಾಲುಸಾಲು ಉಂಗುರಗಳಾಗಿ ಕಾಣಿಸುತ್ತದೆ. ಹುಳುವಿನ ಕರುಳಿನಲ್ಲಿ ಆ ನಳಿಕೆ ರಭಸದಿಂದ ಹೊರಚಿಮ್ಮಿ, ಬೀಜಕದೊಳಗಿನ ಜೀವದ್ರವ್ಯವನ್ನು ನೇರವಾಗಿ ಕರುಳಿನ ಕೋಶದೊಳಕ್ಕೆ ಹಾಯಿಸುತ್ತದೆ. ರೇಷ್ಮೆಹುಳುವಿನ ಇನ್ನೊಂದು ರೋಗವಾದ ಹಾಲುತೊಂಡೆಯದ್ದೂ ಇಂಥದೇ ಕಥೆ. ರೋಗ ತಗುಲಿದ ಹುಳುವಿನ ರಕ್ತದಲ್ಲಿ ಬಹುಮುಖದ ಹರಳುಗಳನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲಿ 19ನೇ ಶತಮಾನದಲ್ಲೇ ಕಂಡಿದ್ದರು. ಆ ಹರಳುಗಳ ಒಳಗೆ ಹುದುಗಿರುವ, 100 ನ್ಯಾನೊಮೀಟರಿಗಿಂತ ಕಡಿಮೆ ಅಗಲದ ಕಡ್ಡಿಯಾಕಾರದ ವೈರಸ್ಸನ್ನು ಬರ್ಗೋಲ್ಡ್ ಎಂಬ ವಿಜ್ಞಾನಿ ಎಲೆಕ್ಟ್ರಾನುಗಳಿಂದ ತೋರಿಸಿದ್ದು 1947ರಲ್ಲಿ.

ಇಷ್ಟನ್ನು ಪಡೆಯಲು ತೆರಬೇಕಾದ ಬೆಲೆ ದೊಡ್ಡದು. ಎಲೆಕ್ಟ್ರಾನುಗಳು ಗಾಳಿಯಲ್ಲಿ ಚದುರಿಹೋಗುವುದರಿಂದ ಉಪಕರಣದೊಳಗೆ ನಿರ್ವಾತವಿರಬೇಕು, ನಿರ್ವಾತದಲ್ಲಿ ಹಸಿ ಕೋಶ ಉಳಿಯದು. ಆದ್ದರಿಂದ ಕೋಶವನ್ನು ಗ್ಲುಟರಾಲ್ಡಿಹೈಡ್, ಆಸ್ಮಿಯಂ ಟೆಟ್ರಾಕ್ಸೈಡುಗಳಿಂದ ಇದ್ದಲ್ಲೇ ಬಿಗಿಗೊಳಿಸಿ, ನೀರನ್ನೆಲ್ಲ ತೆಗೆದು, ರಾಳದಲ್ಲಿ ಹುದುಗಿಸಿ, ವಜ್ರದ ಅಲಗಿನಿಂದ 100 ನ್ಯಾನೊಮೀಟರಿಗೂ ತೆಳುವಾಗಿ ಕೊಯ್ದು, ಯುರೇನಿಯಂ, ಸೀಸಗಳ ಲವಣ ಬಳಿಯುತ್ತಾರೆ. ಪತ್ರಿಕೆಗಳಲ್ಲಿ ಕಾಣುವ ವೈರಸ್ಸಿನ ಕೆಂಪು, ನೀಲಿಗಳೆಲ್ಲ ಆಮೇಲೆ ಹಚ್ಚಿದವು. ಎಲೆಕ್ಟ್ರಾನ್ ಚಿತ್ರದಲ್ಲಿರುವುದು ಕಪ್ಪು, ಬೂದು, ಬಿಳುಪು ಮಾತ್ರ.

ಇಷ್ಟೆಲ್ಲ ಹಿಂಸೆಗೆ ಒಳಗಾದ ಕೋಶ ನಿಜವನ್ನೇ ತೋರಿಸುತ್ತದೆಯೇ ಎಂಬ ಸಂಶಯ ಸಹಜ. ಕಮಿಲ್ಲೊ ಗಾಲ್ಜಿ 1898ರಲ್ಲಿ ಬೆಳ್ಳಿಯ ಲವಣ ಹಾಕಿ ನರಕೋಶದಲ್ಲಿ ಕಂಡ ಜಾಲವನ್ನು ಬಹಳ ಮಂದಿ ಬಣ್ಣದಿಂದಾದ ಭ್ರಮೆಯೆಂದೇ ಅರ್ಧ ಶತಮಾನ ವಾದಿಸಿದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದರ ಪದರಪದರವನ್ನು ತೋರಿಸಿದ ಮೇಲೆ ವಾದ ಮುಗಿಯಿತು. ಅದೇ ದಶಕದಲ್ಲಿ ಅದೇ ಉಪಕರಣವು ಬ್ಯಾಕ್ಟೀರಿಯಾಗಳಲ್ಲಿ ಮೀಸೋಸೋಮ್ ಎಂಬ ಪೊರೆಯ ಮಡಿಕೆಗಳನ್ನು ತೋರಿಸಿತು, ಅವುಗಳಿಗೆ ನಾನಾ ಕೆಲಸಗಳನ್ನೂ ಹಚ್ಚಲಾಯಿತು. ರಾಸಾಯನಿಕಗಳ ಬದಲು ಥಟ್ಟನೆ ಹೆಪ್ಪುಗಟ್ಟಿಸಿ ನೋಡಿದಾಗ ಮಡಿಕೆಗಳು ಕಾಣಲಿಲ್ಲ; ಅವು ಸಿದ್ಧತೆಯಲ್ಲೇ ಹುಟ್ಟಿದ್ದವು. ಹಳೆಯ ಪಠ್ಯಪುಸ್ತಕಗಳಲ್ಲಿ ಅವು ಇನ್ನೂ ಇರುವುದನ್ನು ಕಂಡರೆ ಬೇಸರವಾಗುತ್ತದೆ.

ಎಲೆಕ್ಟ್ರಾನ್ ಬಂದ ಮೇಲೆ ಬೆಳಕಿನ ಸೂಕ್ಷ್ಮದರ್ಶಕ ಹಳತಾಯಿತೆಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಕೋಶ ಇಬ್ಭಾಗವಾಗುವುದನ್ನು, ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ಅಟ್ಟಿಸಿಕೊಂಡು ಹೋಗುವುದನ್ನು ಜೀವಂತವಾಗಿ ನೋಡಲು ಬೆಳಕೇ ಬೇಕು. ಹೊಳೆಯುವ ಪ್ರೋಟೀನುಗಳನ್ನು ಬೆಸೆದು ಕೋಶದ ಒಂದೊಂದು ಭಾಗವನ್ನು ಗುರುತಿಸುವ ವಿಧಾನ ಬಂದ ಮೇಲೆ ಅದರ ಬಲ ಹೆಚ್ಚಿದೆ. ಹೊಳೆಯುವ ಅಣುಗಳನ್ನು ಸರದಿಯಂತೆ ಬೆಳಗಿಸಿ, ಆರಿಸಿ ಆಬೆಯ ಮಿತಿಯ ಕೆಳಕ್ಕೂ ಇಳಿದವರಿಗೆ 2014ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಅತ್ತ ನೀರನ್ನು ಹರಳುಗಟ್ಟಲು ಬಿಡದೆ ಗಾಜಿನಂತೆ ಹೆಪ್ಪಾಗಿಸಿ, ಬಣ್ಣ ಬಳಿಯದೆಯೇ ಎಲೆಕ್ಟ್ರಾನುಗಳಲ್ಲಿ ನೋಡುವ ವಿಧಾನಕ್ಕೆ 2017ರಲ್ಲಿ ಅದೇ ಗೌರವ ದೊರೆಯಿತು.

ಈಗ ಪ್ರಯೋಗಾಲಯಗಳು ಎರಡನ್ನೂ ಒಂದೇ ಕೋಶದ ಮೇಲೆ ಬಳಸುತ್ತಿವೆ: ಜೀವಂತ ಕೋಶದಲ್ಲಿ ಹೊಳೆಯುವ ಗುರುತನ್ನು ಬೆಳಕಿನಲ್ಲಿ ಹಿಂಬಾಲಿಸಿ, ಬೇಕಾದ ಗಳಿಗೆಯಲ್ಲಿ ಹೆಪ್ಪುಗಟ್ಟಿಸಿ, ಅದೇ ಜಾಗವನ್ನು ಎಲೆಕ್ಟ್ರಾನುಗಳಿಗೆ ಒಡ್ಡುತ್ತಾರೆ. ಇದರಲ್ಲಿ ಬಹುಪಾಲು ಶ್ರಮ ಹೋಗುವುದು ಸಾವಿರಾರು ಕೋಶಗಳ ನಡುವೆ ಮೊದಲು ನೋಡಿದ ಕೋಶವನ್ನೇ ಮತ್ತೆ ಹುಡುಕುವುದರಲ್ಲಿ. ಅದಕ್ಕಾಗಿ ಕೋಶಗಳನ್ನು ಬೆಳೆಸುವ ಗಾಜಿನ ಮೇಲೆ ಮೊದಲೇ ಚೌಕಗಳನ್ನು ಕೊರೆದು, ಪ್ರತಿ ಚೌಕಕ್ಕೂ ಅಕ್ಷರ, ಅಂಕಿಗಳನ್ನು ಬರೆದಿಟ್ಟಿರುತ್ತಾರೆ.