ಬಿಟ್‌ಕಾಯಿನ್ ಎರಡು ಕೋಟಿ ಹತ್ತು ಲಕ್ಷವೇ ಇರುವುದು ಅಂದರೆ ಬೆಲೆ ಏರಲೇಬೇಕಾ?

ಪ್ರಶ್ನೆ: ಬಿಟ್‌ಕಾಯಿನ್ ಇನ್ನು ಇಪ್ಪತ್ತು ವರ್ಷ ಇರುತ್ತದಾ? ಈ ಸಲದ ಅಡಿಕೆ ದುಡ್ಡಲ್ಲಿ ಸ್ವಲ್ಪ ತೆಗೆದು ಮಗಳಿಗೆ ಅಂತ ಹಾಕಿಡಬಹುದಾ?

ಬದಿಯಡ್ಕದ ಓದುಗರೊಬ್ಬರು ಕೇಳಿದ್ದು. ಇದಕ್ಕೆ ಕುಂಬಳೆ ಪೇಟೆಯಲ್ಲಿ, ಮದುವೆ ಊಟಕ್ಕೆ ಕೂತಲ್ಲಿ, ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಬರೆದೇ ಬಿಡುತ್ತೇನೆ.

ಇರಬಹುದು. ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ಈ ನಾಣ್ಯ 2009ರಲ್ಲಿ ಶುರುವಾದದ್ದು, 2022ರಲ್ಲಿ ಎಫ್‌ಟಿಎಕ್ಸ್‌ನಂಥ ದೊಡ್ಡ ಎಕ್ಸ್‌ಚೇಂಜ್ (ಇಂಥ ಕಾಯಿನ್ ಕೊಂಡು ಮಾರುವ ಕಂಪನಿ) ಮುಳುಗಿದಾಗಲೂ ಉಳಿಯಿತು. ಇದೇ ಥರದ ಬೇರೆ ಸಾವಿರಾರು ಕಾಯಿನ್‌ಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ ಅಂತಲೇ ನನ್ನ ಲೆಕ್ಕ. ಆದರೆ ಉಳಿಯುವುದು ಬೇರೆ, ಬೆಲೆ ಏರುವುದು ಬೇರೆ.

ಇಲ್ಲೇ ಎಲ್ಲರೂ ಒಂದೇ ಮಾತು ಹೇಳುವುದು. 'ಒಟ್ಟು ಇರುವುದೇ 2 ಕೋಟಿ 10 ಲಕ್ಷ, ಹಾಗಾಗಿ ಬೆಲೆ ಏರಲೇಬೇಕು.' ಸಂಖ್ಯೆ ಸರಿ, ಅದಕ್ಕಿಂತ ಹೆಚ್ಚು ಹುಟ್ಟುವುದಿಲ್ಲ. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಹೊಸ ಕಾಯಿನ್ ಹುಟ್ಟುವುದು ಅರ್ಧಕ್ಕೆ ಇಳಿಯುತ್ತದೆ, 2024ರಲ್ಲೂ ಇಳಿಯಿತು. ತಪ್ಪಿರುವುದು ಆ 'ಹಾಗಾಗಿ'ಯಲ್ಲಿ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್‌ಗೆ ಸುಮಾರು 69,000 ಡಾಲರ್ ಇತ್ತು, ಒಂದೇ ವರ್ಷದಲ್ಲಿ 16,000ದ ಆಸುಪಾಸಿಗೆ ಬಂತು. ಆ ಮಿತಿ ಎರಡೂ ದಿನ ಅದೇ ಇತ್ತಲ್ವಾ? ಬದಲಾದದ್ದು ಕೊಳ್ಳುವವರ ಮನಸ್ಸು.

ವೆನಿಲ್ಲಾ ಕಂಡ ನಮಗೆ ಇದು ಅರ್ಥವಾಗಬೇಕು. ಮಡಗಾಸ್ಕರ್‌ನಲ್ಲಿ ಚಂಡಮಾರುತ ಬಂದು ಬೆಳೆ ಹಾಳಾಯಿತು, 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ಬಂತು, ರಾತ್ರಿ ಟಾರ್ಚು ಹಿಡಿದು ತೋಟ ಕಾದೆವು. ಮಾಲು ಕಮ್ಮಿ ಇತ್ತು ನಿಜ. ಆದರೆ ಕೊಳ್ಳುವ ಕಂಪನಿಗಳು ಕೃತಕ ಎಸೆನ್ಸಿಗೆ ತಿರುಗಿದವು, ಎಲ್ಲೆಲ್ಲೂ ಹೊಸ ಬಳ್ಳಿ ಕಾಯಿ ಬಿಟ್ಟಿತು, ಸ್ವಲ್ಪ ವರ್ಷದಲ್ಲಿ ಕೇಳುವವರಿಲ್ಲ.

'ಬಿಟ್‌ಕಾಯಿನ್‌ನ ಬಳ್ಳಿ ಹೊಸದಾಗಿ ನೆಡಲಾಗುವುದಿಲ್ಲವಲ್ಲ' ಅಂತೀರಿ. ಆಗುವುದಿಲ್ಲ, ಒಪ್ಪಿದೆ. ಆದರೆ ಬೇರೆ ಕಾಯಿನ್ ಯಾರು ಬೇಕಾದರೂ ಮಾಡಬಹುದು, ಡೋಜ್‌ಕಾಯಿನ್‌ಗೆ ಮಿತಿಯೇ ಇಲ್ಲ. ಅಡಿಕೆಗೆ ರೇಟು ಬಿದ್ದರೂ ಜಗಿಯುವವರು ಇದ್ದಾರೆ. ಬಿಟ್‌ಕಾಯಿನ್‌ಗೆ ನಾಳೆ ಇನ್ನೊಬ್ಬರು ಜಾಸ್ತಿ ಕೊಟ್ಟು ಕೊಂಡರೆ ಮಾತ್ರ ಬೆಲೆ. ಇನ್ನೊಂದು, ಹೊಸ ಕಾಯಿನ್ ಕಮ್ಮಿಯಾದಂತೆ ಮೈನಿಂಗ್ ಮಾಡುವವರ (ಕಂಪ್ಯೂಟರ್ ಓಡಿಸಿ ವಹಿವಾಟು ದಾಖಲಿಸಿ, ಅದಕ್ಕೆ ಹೊಸ ಕಾಯಿನ್ ಪಡೆಯುವವರ) ಸಂಬಳವೂ ಕಮ್ಮಿಯಾಗುತ್ತದೆ. ಆಮೇಲೆ ಅವರು ವಹಿವಾಟಿನ ಶುಲ್ಕದಲ್ಲೇ ಬದುಕಬೇಕು. ದೂರದ ಭವಿಷ್ಯದ ನಿಜವಾದ ಪ್ರಶ್ನೆ ಅದು.

ತೆರಿಗೆ ಗೊತ್ತಿರಲಿ. 2022ರಿಂದ ಲಾಭದ ಮೇಲೆ 30%, ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಮದ್ದು ಬಿಡುವ ಖರ್ಚು, ಕೂಲಿ, ಗೊಬ್ಬರ ಎಲ್ಲ ಕಳೆದು, ಪೂರ್ತಿ ಹೋದರೂ ಮನೆ ನಡೆಯುತ್ತದೆ ಅನ್ನುವಷ್ಟು ದುಡ್ಡು ಇದ್ದರೆ ಹಾಕಿ. ಮಗಳ ಹೆಸರಿನ ದುಡ್ಡು ಬೇಡ.

ಮಗಳು ಅಂದಾಗ ನೆನಪಾಯಿತು, ಇದನ್ನು ಯಾರೂ ಕೇಳುವುದಿಲ್ಲ. ನಿಮ್ಮದೇ ವಾಲೆಟ್‌ನಲ್ಲಿ, ಅಂದರೆ ಕಾಯಿನ್ ಇಡುವ ಆ್ಯಪ್‌ನಲ್ಲೋ ಸಾಧನದಲ್ಲೋ ಇಟ್ಟುಕೊಂಡಿದ್ದರೆ, ನಿಮ್ಮ ನಂತರ ಅದು ಯಾರಿಗೆ? ಬ್ಯಾಂಕಿನ ಎಫ್‌ಡಿಗೆ ನಾಮಿನಿ ಇರುತ್ತಾರೆ, ಮರಣ ಪತ್ರ ಕೊಟ್ಟರೆ ದುಡ್ಡು ಸಿಗುತ್ತದೆ. ವಾಲೆಟ್‌ಗೆ ಕೀಲಿಯಾಗಿ ಇರುವುದು 12 ಅಥವಾ 24 ಪದಗಳ ಒಂದು ಸಾಲು ಅಷ್ಟೇ. ಆ ಪದಗಳು ಕಳೆದರೆ ಯಾವ ಕಚೇರಿಗೆ ಅಲೆದರೂ ಬರುವುದಿಲ್ಲ. ಗಲ್ಫ್‌ನಲ್ಲಿರುವ ನಮ್ಮ ಹುಡುಗರು ಫೋನಿನಲ್ಲೇ ಇದನ್ನೆಲ್ಲ ಇಟ್ಟುಕೊಂಡಿದ್ದಾರೆ, ಊರಲ್ಲಿ ಅಮ್ಮನಿಗೆ ಸುಳಿವೂ ಇಲ್ಲ. ಪದಗಳನ್ನು ಹಾಳೆಯಲ್ಲಿ ಬರೆದು ದಾಖಲೆ ಪತ್ರಗಳ ಜೊತೆ ಭದ್ರವಾಗಿಡಿ, ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಹಾಳೆ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ.