ನಾಯಿ ಜಾಸ್ತಿ ನೀರು ಕುಡಿಯುತ್ತಿದೆ, ಥೈರಾಯ್ಡ್ ಇರಬಹುದಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮನೆಯಲ್ಲಿ 8 ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ. ಎರಡು ತಿಂಗಳಿಂದ ವಿಪರೀತ ನೀರು ಕುಡಿಯುತ್ತಿದೆ. ಉಚ್ಚೆಗೆ ಬಿಡಿ ಅಂತ ರಾತ್ರಿ ಎರಡು ಸಲ ಎಬ್ಬಿಸುತ್ತದೆ. ಹೊಟ್ಟೆ ಜೋತು ಬಿದ್ದಿದೆ, ಬೆನ್ನಿನ ಕೂದಲು ತೆಳ್ಳಗಾಗಿದೆ. ‘ಥೈರಾಯ್ಡ್ ಇರಬೇಕು, ಈಗ ಎಲ್ಲಾ ನಾಯಿಗೂ ಬರ್ತಿದೆ’ ಅಂತ ಪಕ್ಕದ ತೋಟದವರು ಹೇಳಿದರು. ನಾಯಿಗಳಿಗೆ ಹಾರ್ಮೋನ್ ಕಾಯಿಲೆ ಅಷ್ಟು ಸಾಮಾನ್ಯವಾ?

ಉತ್ತರ: ಇಲ್ಲ, ಅಷ್ಟು ಸಾಮಾನ್ಯ ಅಲ್ಲ. ಆದರೆ ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಸುಮ್ನೆ ಬಿಡುವಂಥದ್ದೂ ಅಲ್ಲ. ಎರಡನ್ನೂ ಹೇಳುತ್ತೇನೆ.

ಮೊದಲು ಲೆಕ್ಕ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ‘ವೆಟ್‌ಕಂಪಾಸ್’ ಅನ್ನುವ ಯೋಜನೆ ನಡೆಸುತ್ತಾರೆ. ಬ್ರಿಟನ್ನಿನ ಸಾಮಾನ್ಯ ಪಶು ಕ್ಲಿನಿಕ್‌ಗಳಿಗೆ ಬಂದ ಲಕ್ಷಾಂತರ ನಾಯಿಗಳ ದಾಖಲೆ ಅವರ ಬಳಿ ಇದೆ. ಅದರ ಪ್ರಕಾರ 10,000 ನಾಯಿಗಳನ್ನು ತೆಗೆದುಕೊಂಡರೆ ಸಕ್ಕರೆ ಕಾಯಿಲೆ ಇರುವುದು ಸುಮಾರು 34ಕ್ಕೆ. ಕುಶಿಂಗ್ ಕಾಯಿಲೆ (ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಅತಿಯಾಗುವುದು) 28ಕ್ಕೆ, ಥೈರಾಯ್ಡ್ ಕೊರತೆ 23ಕ್ಕೆ, ಅಡಿಸನ್ ಕಾಯಿಲೆ (ಅದೇ ಹಾರ್ಮೋನ್ ಕಡಿಮೆಯಾಗುವುದು) ಬರೀ 6ಕ್ಕೆ. ನಾಲ್ಕನ್ನೂ ಕೂಡಿಸಿದರೂ ನೂರಕ್ಕೆ ಒಂದು ನಾಯಿ ಬರುವುದಿಲ್ಲ. ಆದರೆ ಇದು ಮರಿಗಳನ್ನೂ ಸೇರಿಸಿ ಮಾಡಿದ ಲೆಕ್ಕ. ಅಡಿಸನ್ ಬಿಟ್ಟರೆ ಉಳಿದ ಮೂರೂ ನಡುವಯಸ್ಸು ದಾಟಿದ ನಾಯಿಗಳಿಗೇ ಜಾಸ್ತಿ. ನಿಮ್ಮ ನಾಯಿಗೆ 8 ವರ್ಷ, ಅದನ್ನು ನೆನಪಿಡಿ.

ಇನ್ನು ಪಕ್ಕದ ತೋಟದವರ ಮಾತು. ಥೈರಾಯ್ಡ್ ಕಡಿಮೆಯಾದ ನಾಯಿ ಸಾಮಾನ್ಯವಾಗಿ ನೀರು ಜಾಸ್ತಿ ಕುಡಿಯುವುದಿಲ್ಲ. ಅದು ಮಂಕಾಗುತ್ತದೆ. ಊಟ ಹೆಚ್ಚಿಸದಿದ್ದರೂ ದಪ್ಪ ಆಗುತ್ತದೆ, ಬಿಸಿಲು ಹುಡುಕಿಕೊಂಡು ಹೋಗಿ ಮಲಗುತ್ತದೆ. ಬಾಲದ ಕೂದಲು ಉದುರಿ ಇಲಿಯ ಬಾಲದ ಹಾಗೆ ಕಾಣುತ್ತದೆ. ನಿಮ್ಮ ನಾಯಿಯ ಮುಖ್ಯ ದೂರು ಬಾಯಾರಿಕೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಥೈರಾಯ್ಡ್ ಕೆಳಗೇ ಇದೆ.

ಥೈರಾಯ್ಡ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ರಕ್ತದಲ್ಲಿ ಟಿ4 ಅನ್ನುವ ಥೈರಾಯ್ಡ್ ಹಾರ್ಮೋನ್ ಕಡಿಮೆ ಬಂತು ಅಂದ ಮಾತ್ರಕ್ಕೆ ಥೈರಾಯ್ಡ್ ಕಾಯಿಲೆ ಅಲ್ಲ. ಬೇರೆ ಯಾವುದೇ ಕಾಯಿಲೆಯಿಂದ ನಾಯಿ ನರಳುತ್ತಿದ್ದರೂ ಟಿ4 ಇಳಿಯಬಹುದು. ಸ್ಟೀರಾಯ್ಡ್ ತಿನ್ನುತ್ತಿದ್ದರೂ ಇಳಿಯುತ್ತದೆ. ಗ್ರೇಹೌಂಡ್‌ನಂಥ ಓಟದ ಬೇಟೆನಾಯಿಗಳಿಗೆ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ನಮ್ಮ ಮುಧೋಳವೂ ಅದೇ ಗುಂಪಿನದು. ಒಂದೇ ಒಂದು ರಿಪೋರ್ಟ್ ನಂಬಿ ಜೀವನಪೂರ್ತಿ ಮಾತ್ರೆ ಶುರು ಮಾಡಬೇಡಿ. ಜೊತೆಗೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನನ್ನೂ ನೋಡಲಿ.

ಹಾಗಾದರೆ ಏನಿರಬಹುದು? ಇಲ್ಲಿ ನಾನು ನಿಮಗೇ ಒಂದು ಪ್ರಶ್ನೆ ಕೇಳಬೇಕು. ಮಳೆಗಾಲದಲ್ಲಿ ಈ ನಾಯಿಗೆ ಕೆರೆತ ಬರುತ್ತಿತ್ತಾ? ಅದಕ್ಕೆ ಏನು ಕೊಡುತ್ತಿದ್ದಿರಿ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮ ಮಲೆನಾಡಿನ ಕಥೆ ನಿಮಗೇ ಗೊತ್ತು. ಜೂನ್‌ನಲ್ಲಿ ಹಿಡಿದ ಮಳೆ ಬಿಡಲು ಸೆಪ್ಟೆಂಬರ್ ಬೇಕು. ನಾಯಿಯ ಮೈ ಒಣಗುವುದೇ ಇಲ್ಲ. ಫಂಗಸ್, ಚಿಗಟ, ಉಣ್ಣೆ, ಕಿವಿ ಸೋರುವುದು, ಎಲ್ಲ ಒಟ್ಟಿಗೆ. ರಾತ್ರಿಯಿಡೀ ಕೆರೆದುಕೊಳ್ಳುವ ನಾಯಿಯನ್ನು ನೋಡಲಾಗದೆ ಮನೆಯವರು ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಅಲ್ಲಿ ಸಿಗುವುದು ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ. ಎರಡೇ ದಿನಕ್ಕೆ ಕೆರೆತ ಮಾಯ. ಮುಂದಿನ ವರ್ಷ ಹಳೇ ಚೀಟಿ ತೋರಿಸಿ ಮತ್ತೆ ಅದೇ ಮಾತ್ರೆ. ನಡುವೆ ವಾರಗಟ್ಟಲೆ ಕೆಲಸ ಮಾಡುವ ಒಂದು ಸ್ಟೀರಾಯ್ಡ್ ಇಂಜೆಕ್ಷನ್. ಜೊತೆಗೆ ಮನುಷ್ಯರ ಗಜಕರ್ಣದ ಕ್ರೀಮ್, ಅದರಲ್ಲಿ ಕ್ಲೋಬೆಟಾಸೋಲ್ ಅನ್ನುವ ಬಲವಾದ ಸ್ಟೀರಾಯ್ಡ್. ನಾಯಿ ಅದನ್ನು ನೆಕ್ಕಿಯೂ ನೆಕ್ಕುತ್ತದೆ, ಚರ್ಮವೂ ಹೀರಿಕೊಳ್ಳುತ್ತದೆ.

ಮೂತ್ರಪಿಂಡದ ಪಕ್ಕದಲ್ಲಿ ಅಡ್ರಿನಲ್ ಅಂತ ಎರಡು ಪುಟ್ಟ ಗ್ರಂಥಿಗಳಿವೆ. ಕಾರ್ಟಿಸಾಲ್ ತಯಾರಿಸುವುದು ಅವುಗಳ ಕೆಲಸ. ಕುಶಿಂಗ್ ಕಾಯಿಲೆ ಅಂದರೆ ಮೈಯಲ್ಲಿ ಈ ಕಾರ್ಟಿಸಾಲ್ ಅತಿಯಾಗುವುದು. ತಾನಾಗಿ ಬರುವ ಕುಶಿಂಗ್‌ನಲ್ಲಿ ನೂರಕ್ಕೆ 80–85 ಸಲ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಣ್ಣ ಗಡ್ಡೆಯೇ ಕಾರಣ, ಉಳಿದದ್ದು ಅಡ್ರಿನಲ್‌ನಲ್ಲೇ ಬೆಳೆದ ಗಡ್ಡೆ. ಆದರೆ ಹೊರಗಿನಿಂದ ಸ್ಟೀರಾಯ್ಡ್ ಸುರಿದರೂ ಮೈಗೆ ಅದೇ ಗತಿ. ಅದೇ ಬಾಯಾರಿಕೆ, ಅದೇ ಹಸಿವು, ಅದೇ ಏದುಸಿರು. ಹೊಟ್ಟೆಯ ಸ್ನಾಯು ಸಡಿಲಾಗಿ ಜೋತು ಬೀಳುತ್ತದೆ. ಚರ್ಮ ಕಾಗದದಷ್ಟು ತೆಳ್ಳಗಾಗುತ್ತದೆ. ಈ ಎರಡನೆಯ ಥರದ ಕುಶಿಂಗ್ ಮೇಲಿನ ಆ 28ರ ಹಾಗೆ ಹಣೆಬರಹ ಅಲ್ಲ. ಇದು ನಾವೇ ಕೈಯಾರೆ ತರುವ ಕಾಯಿಲೆ, ತಪ್ಪಿಸಬಹುದಾದ ಕಾಯಿಲೆ. ನನ್ನ ಮೇಜಿನ ಮೇಲೆ ಇಂಥ ನಾಯಿಯನ್ನು ಎತ್ತಿ ಕೂರಿಸಿದಾಗಲೆಲ್ಲ ಸಂಕಟ ಆಗುತ್ತದೆ. ತಂದವರು ಅದನ್ನು ಪ್ರೀತಿಯಿಂದಲೇ ಸಾಕಿದವರು.

ದಯವಿಟ್ಟು ಇದನ್ನು ಓದಿದ ತಕ್ಷಣ ಮಾತ್ರೆ ನಿಲ್ಲಿಸಬೇಡಿ! ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕರೆ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿ ಸೊರಗಿರುತ್ತದೆ. ಆಗ ಮಾತ್ರೆ ದಿಢೀರ್ ನಿಂತರೆ ನಾಯಿಗೆ ವಾಂತಿ, ಭೇದಿ, ಸುಸ್ತು ಶುರುವಾಗುತ್ತದೆ, ಕುಸಿದು ಬೀಳಲೂಬಹುದು. ಡೋಸ್ ಇಳಿಸುವ ಕೆಲಸ ಡಾಕ್ಟರಿಗೆ ಬಿಡಿ. ವಾರಗಟ್ಟಲೆ ಸಮಯ ಬೇಕು, ಆದರೆ ಹೀಗೆ ಬಂದ ಕುಶಿಂಗ್ ಬಹುಪಾಲು ವಾಸಿಯಾಗುತ್ತದೆ. ಕೂದಲೂ ಮತ್ತೆ ಬರುತ್ತದೆ. ತಾನಾಗಿ ಬಂದ ಕುಶಿಂಗ್ ಆದರೆ ಟ್ರೈಲೋಸ್ಟೇನ್ ಅನ್ನುವ ಔಷಧಿ ಇದೆ, ಅದನ್ನು ಬಹಳ ಕಾಲ ಕೊಡಬೇಕು.

ಸ್ಟೀರಾಯ್ಡ್ ಕೊಟ್ಟೇ ಇಲ್ಲ ಅನ್ನುತ್ತೀರಾ? ಹಾಗಾದರೆ ಎರಡನೆಯ ಪ್ರಶ್ನೆ. ನಿಮ್ಮ ನಾಯಿಗೆ ಮಕ್ಕಳಾಗದ ಆಪರೇಷನ್ ಆಗಿದೆಯಾ?

ಆಗಿಲ್ಲದಿದ್ದರೆ ಅದು ಕೊನೇ ಸಲ ಬೆದೆಗೆ ಬಂದದ್ದು ಯಾವಾಗ ಅಂತ ನೆನಪಿಸಿಕೊಳ್ಳಿ. ಹೆಣ್ಣುನಾಯಿಗೆ ಬೆದೆ ಮುಗಿದ ಮೇಲೆ ಗರ್ಭ ನಿಂತರೂ ನಿಲ್ಲದಿದ್ದರೂ ಎರಡು ತಿಂಗಳು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿರುತ್ತದೆ. ಅದರ ಪ್ರಭಾವದಿಂದ ಮೊಲೆಯ ಗ್ರಂಥಿಗಳು ಬೆಳವಣಿಗೆಯ ಹಾರ್ಮೋನ್ ಉತ್ಪಾದಿಸುತ್ತವೆ. ಆ ಹಾರ್ಮೋನ್ ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ. ವಯಸ್ಸಾದ ನಾಯಿಯ ಮೇದೋಜೀರಕ ಗ್ರಂಥಿಗೆ ಅದನ್ನು ಸರಿದೂಗಿಸುವ ಶಕ್ತಿ ಇಲ್ಲದಿದ್ದರೆ ಶುಗರ್ ಏರುತ್ತದೆ. ಹೀಗೆ ಬಂದ ಸಕ್ಕರೆ ಕಾಯಿಲೆಯನ್ನು ಬೇಗ ಹಿಡಿದು, ತಡಮಾಡದೆ ಆಪರೇಷನ್ ಮಾಡಿಸಿದರೆ ಕೆಲವು ನಾಯಿಗಳಲ್ಲಿ ಅದು ಪೂರ್ತಿ ಹಿಂದೆ ಸರಿಯುತ್ತದೆ. ತಿಂಗಳುಗಟ್ಟಲೆ ಕಾದರೆ ಆ ಅವಕಾಶ ಕೈತಪ್ಪುತ್ತದೆ.

ಬೆದೆಯ ನಂತರ ಬಾಯಾರಿಕೆ ಬಂದರೆ ಗರ್ಭಕೋಶದಲ್ಲಿ ಕೀವು ತುಂಬಿದೆಯಾ ಅಂತಲೂ ಮೊದಲೇ ನೋಡಬೇಕು. ಅದು ತುರ್ತು. ಜ್ವರ, ಊಟ ಬಿಡುವುದು, ಹಿಂಭಾಗದಲ್ಲಿ ಕೆಟ್ಟ ವಾಸನೆ, ಇದರಲ್ಲಿ ಯಾವುದಾದರೂ ಇದ್ದರೆ ಇವತ್ತೇ ಹೊರಡಿ.

ನಾಯಿಯ ಸಕ್ಕರೆ ಕಾಯಿಲೆಗೆ ನಮ್ಮ ಹಾಗೆ ಮಾತ್ರೆ ನಡೆಯುವುದಿಲ್ಲ, ಇನ್ಸುಲಿನ್ನೇ ಬೇಕು. ಜನ ಇದನ್ನು ಕೇಳಿ ಹೆದರುತ್ತಾರೆ. ಸೂಜಿ ಕೂದಲೆಳೆಯಷ್ಟು ತೆಳ್ಳಗಿರುತ್ತದೆ, ಊಟದ ಹೊತ್ತಿಗೆ ಕೊಟ್ಟರೆ ಎಷ್ಟೋ ನಾಯಿಗಳು ತಿರುಗಿಯೂ ನೋಡುವುದಿಲ್ಲ. ಒಂದು ಎಚ್ಚರ ಮಾತ್ರ: ನಮ್ಮಲ್ಲಿ ಒಂದು ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಸಿರಿಂಜ್ ಬೇರೆ. 100ರ ಬಾಟಲಿಗೆ 40ರ ಸಿರಿಂಜ್ ಬಳಸಿದರೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಶುಗರ್ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ. ಅಂದ ಹಾಗೆ, ಮನುಷ್ಯರಿಗೆ ಇನ್ಸುಲಿನ್ ಸಿಕ್ಕಿದ್ದೇ ನಾಯಿಗಳಿಂದ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಮೊದಲು ಪ್ರಯೋಗಿಸಿದ್ದು ನಾಯಿಗಳ ಮೇಲೆ. ಆ ಋಣ ನಮ್ಮ ಮೇಲಿದೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಅಡಿಸನ್ ಇದರ ಉಲ್ಟಾ, ಅಲ್ಲಿ ಅಡ್ರಿನಲ್ ಕೈಕೊಟ್ಟಿರುತ್ತದೆ. ಚಿಕ್ಕ ಮತ್ತು ನಡುವಯಸ್ಸಿನ ನಾಯಿಗಳಿಗೆ ಬರುತ್ತದೆ. ನಿಮ್ಮ ವಿವರಣೆಗೆ ಅದು ಹೊಂದುವುದಿಲ್ಲ.

ಹಾರ್ಮೋನ್ ಅಲ್ಲದ ಕಾರಣಗಳೂ ಇವೆ. ತೋಟದ ನಾಯಿ ಅಂದಮೇಲೆ ಉಣ್ಣೆ ಜ್ವರ ಮತ್ತು ಇಲಿಜ್ವರ ಎರಡನ್ನೂ ನಾನು ಮರೆಯುವುದಿಲ್ಲ. ಎರಡೂ ಕಿಡ್ನಿಗೆ ಹೊಡೆತ ಕೊಡಬಲ್ಲವು, ಕಿಡ್ನಿ ಸೋತರೆ ನೀರು ಜಾಸ್ತಿ. ಕೂದಲಿನ ವಿಷಯದಲ್ಲಿ ಒಂದು ಸುಲಭ ಗುರುತು ಇದೆ. ಹಾರ್ಮೋನ್‌ನಿಂದ ಕೂದಲು ಉದುರಿದರೆ ಸಾಮಾನ್ಯವಾಗಿ ಕೆರೆತ ಇರುವುದಿಲ್ಲ, ಎಡಬಲ ಎರಡೂ ಕಡೆ ಒಂದೇ ಥರ ಉದುರುತ್ತದೆ, ತಲೆ ಮತ್ತು ಕಾಲು ಚೆನ್ನಾಗಿಯೇ ಇರುತ್ತವೆ. ಕೆರೆದು ಕೆರೆದು ಉದುರಿದ್ದರೆ ಮೊದಲು ಚಿಗಟ ಹುಡುಕಿ.

ಈಗ ನೀವು ಮಾಡಬೇಕಾದದ್ದು. ನಾಳೆ ಬೆಳಿಗ್ಗೆಯಿಂದ ಒಂದು ದಿನ ನೀರು ಅಳೆಯಿರಿ. ನಾಯಿಯನ್ನು ಹಳ್ಳದ ಕಡೆ, ಕಣದ ತೊಟ್ಟಿ ಕಡೆ ಬಿಡಬೇಡಿ, ಒಂದೇ ಪಾತ್ರೆ ಇಡಿ. ನೀರನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಆರೋಗ್ಯವಾಗಿರುವ ನಾಯಿ ದಿನಕ್ಕೆ ತೂಕದ ಕಿಲೋ ಒಂದಕ್ಕೆ 50–60 ಮಿಲಿ ಕುಡಿಯುತ್ತದೆ, 100 ಮಿಲಿ ದಾಟಿದರೆ ಏನೋ ಸರಿಯಿಲ್ಲ. ನಿಮ್ಮದು 30 ಕಿಲೋ ಅಂದುಕೊಂಡರೆ 3 ಲೀಟರ್ ಅದರ ಗೆರೆ. ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್, ಕ್ರೀಮ್, ಕಿವಿಯ ಡ್ರಾಪ್ಸ್, ಖಾಲಿ ಡಬ್ಬಿಗಳನ್ನೂ ಸೇರಿಸಿ ಒಂದು ಚೀಲಕ್ಕೆ ಹಾಕಿ. ಬೆದೆಯ ತಾರೀಖು ಬರೆದುಕೊಳ್ಳಿ.

ಆಮೇಲೆ ನಿಮ್ಮ ಹತ್ತಿರದ ಪಶುವೈದ್ಯರ ಬಳಿ ಹೋಗಿ. ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ಸಕ್ಕರೆ ಇದೆಯಾ ಇಲ್ಲವಾ ಒಂದೇ ನಿಮಿಷಕ್ಕೆ ತಿಳಿಯುತ್ತದೆ, ಖರ್ಚೂ ತೀರಾ ಕಡಿಮೆ. ತಾನಾಗಿ ಬರುವ ಕುಶಿಂಗ್ ಅನುಮಾನ ಬಂದರೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಒಂದು ಸಲ ಕೊಟ್ಟು 8 ಗಂಟೆಯವರೆಗೆ ಬಿಟ್ಟು ಬಿಟ್ಟು ರಕ್ತ ತೆಗೆಯುವ ಪರೀಕ್ಷೆ ಬೇಕಾಗಬಹುದು. ಅಲ್ಲಿ ಆಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ ನೋಡಿ. ಹೋಗುವಾಗ ಬೆಳಗಿನ ಮೊದಲ ಮೂತ್ರ ತೆಗೆದುಕೊಂಡು ಹೋದರೆ ಒಳ್ಳೆಯದು. ಹೆಣ್ಣುನಾಯಿ ಕೂರುತ್ತದಲ್ವಾ, ಹಿಡಿಯುವುದು ಕಷ್ಟ ಅನ್ನಿಸುತ್ತದೆ. ಉದ್ದ ಹಿಡಿಯ ಸ್ಟೀಲ್ ಸೌಟನ್ನು ತೊಳೆದು ಒಣಗಿಸಿ, ಅದು ಕೂತ ಮೇಲೆ ಹಿಂದಿನಿಂದ ಮೆಲ್ಲಗೆ ಕೆಳಗೆ ಹಿಡಿಯಿರಿ. ಎರಡು ಚಮಚದಷ್ಟು ಸಿಕ್ಕರೆ ಸಾಕು.