ಸ್ಟೇಜಿಂಗ್ ಸ್ಕ್ಯಾನ್: ತಲೆ-ಕತ್ತಿನ ಕ್ಯಾನ್ಸರ್ ಎಲ್ಲಿಯವರೆಗೆ ಹರಡಿದೆ?

ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಮೂಗಿನ ಹಿಂಭಾಗದಲ್ಲಿ ಹುಟ್ಟಿದ ಕ್ಯಾನ್ಸರ್ ಎಷ್ಟು ಆಳಕ್ಕಿಳಿದಿದೆ, ಎಲ್ಲೆಲ್ಲಿ ಹಬ್ಬಿದೆ ಎಂದು ಚಿಕಿತ್ಸೆಗೆ ಮುನ್ನ ಅಳೆಯುವ ಸ್ಕ್ಯಾನ್‌ಗಳಿಗೆ ಸ್ಟೇಜಿಂಗ್ ಸ್ಕ್ಯಾನ್ ಎನ್ನುತ್ತಾರೆ. ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ. ಸ್ಕ್ಯಾನ್ ಹೇಳಬೇಕಾದ್ದು ಮೂರು ಸಂಗತಿ: ಮೂಲ ಗಡ್ಡೆಯ ಅಳತೆ, ಅಂದರೆ ಟಿ, ಕತ್ತಿನ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಸ್ಥಿತಿ, ಅಂದರೆ ಎನ್, ದೂರದ ಅಂಗಗಳಿಗೆ ಹೋಗಿದೆಯೇ ಎಂಬುದು, ಅಂದರೆ ಎಂ. ಬಯಾಪ್ಸಿ ಮಾಡಿದ ಜಾಗ ಕೆಲವು ದಿನ ಊದಿಕೊಂಡಿರುತ್ತದೆ, ಆ ಊತ ಗಡ್ಡೆಯನ್ನು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಆದ್ದರಿಂದ ಸಾಧ್ಯವಿದ್ದಲ್ಲಿ ಸ್ಕ್ಯಾನ್ ಮೊದಲು ಆಗುವುದೇ ಒಳ್ಳೆಯದು.

ಬಾಯಿಯ ಕ್ಯಾನ್ಸರ್‌ನಲ್ಲಿ ಅಗಲದಷ್ಟೇ ಆಳವೂ ಮುಖ್ಯ. ಈ ಟಿ, ಎನ್, ಎಂಗಳಿಂದ ಹಂತ ಗೊತ್ತುಮಾಡುವ ಟಿಎನ್‌ಎಂ ನಿಯಮದ 8ನೇ ಆವೃತ್ತಿಯ ಪ್ರಕಾರ ಅಗಲ 2 ಸೆಂ.ಮೀ., ಆಳ 5 ಮಿ.ಮೀ. ಮೀರದ ಗಡ್ಡೆ ಟಿ1. ಅಷ್ಟೇ ಅಗಲದ ಗಡ್ಡೆ 5 ಮಿ.ಮೀ. ದಾಟಿ ಇಳಿದಿದ್ದರೆ ಟಿ2. 2ರಿಂದ 4 ಸೆಂ.ಮೀ. ಅಗಲದ್ದು 10 ಮಿ.ಮೀ.ಗಿಂತ ಆಳಕ್ಕೆ ಹೋಗಿದ್ದರೆ ಟಿ3. ಸ್ಕ್ಯಾನ್‌ನಲ್ಲಿ ಅಳೆದ ಆಳ, ಶಸ್ತ್ರಚಿಕಿತ್ಸೆಯ ನಂತರ ಲ್ಯಾಬ್‌ನಲ್ಲಿ ಅಳೆದದ್ದಕ್ಕಿಂತ ಸಾಮಾನ್ಯವಾಗಿ ತುಸು ಹೆಚ್ಚೇ ಬರುತ್ತದೆ. ಸುತ್ತಲಿನ ಉರಿಯೂತವೂ ಲೆಕ್ಕಕ್ಕೆ ಸೇರುವುದು, ಕತ್ತರಿಸಿದ ಅಂಗಾಂಶ ಕುಗ್ಗುವುದು ಇದಕ್ಕೆ ಕಾರಣ.

ಸಿಟಿ ಸ್ಕ್ಯಾನ್ ಕೆಲವೇ ಸೆಕೆಂಡುಗಳಲ್ಲಿ ತಲೆಬುರುಡೆಯ ತಳದಿಂದ ಎದೆಯ ಮೇಲ್ಭಾಗದವರೆಗೆ ತೆಳುವಾದ ಪದರಗಳಲ್ಲಿ ಚಿತ್ರ ತೆಗೆಯುತ್ತದೆ. ದವಡೆ ಮೂಳೆಯ ಹೊರಪದರ ಸವೆದಿದೆಯೇ ಎಂದು ನೋಡಲು ಇದು ಚೆನ್ನ. ಚಿತ್ರದಲ್ಲಿ ಅಂಗಾಂಶಗಳನ್ನು ಎದ್ದುಕಾಣಿಸುವ ಕಾಂಟ್ರಾಸ್ಟ್ ಔಷಧವನ್ನು ರಕ್ತನಾಳಕ್ಕೆ ಕೊಡದೆ ತೆಗೆದರೆ ಗಡ್ಡೆಗೂ ಸ್ನಾಯುವಿಗೂ ವ್ಯತ್ಯಾಸ ಸರಿಯಾಗಿ ತಿಳಿಯದು. ಕೊಡುವ ಮುನ್ನ ಅಲರ್ಜಿಯನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ವಿಚಾರಿಸಲೇಬೇಕು. ಕೆನ್ನೆಯ ಒಳಭಾಗದ ಗಡ್ಡೆಯಲ್ಲಿ ಇನ್ನೊಂದು ತೊಡಕಿದೆ. ಬಾಯಿ ಮುಚ್ಚಿದಾಗ ಕೆನ್ನೆ ಒಸಡಿಗೆ ಅಂಟಿಕೊಂಡು, ಗಡ್ಡೆ ಯಾವ ಕಡೆಯದೆಂದೇ ಗೊತ್ತಾಗುವುದಿಲ್ಲ. ರೋಗಿ ತುಟಿ ಬಿಗಿದು ಕೆನ್ನೆ ಉಬ್ಬಿಸಿ ಹಿಡಿದರೆ ನಡುವೆ ಗಾಳಿ ತುಂಬಿ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಇಷ್ಟು ಸರಳ ಉಪಾಯವನ್ನು ಬಿಟ್ಟುಬಿಡುವುದು ದೊಡ್ಡ ನಷ್ಟ. ಹಲ್ಲಿಗೆ ತುಂಬಿದ ಲೋಹ ಚಿತ್ರದ ಮೇಲೆ ಗೆರೆಗಳನ್ನು ಎಳೆಯುತ್ತದೆ. ಆಗ ಕೋನ ಬದಲಿಸಿ ಅಥವಾ ಬಾಯಿ ತೆರೆಸಿ ಆ ಭಾಗವನ್ನಷ್ಟೇ ಮತ್ತೆ ತೆಗೆಯಬೇಕಾಗುತ್ತದೆ.

ನಾಲಿಗೆ, ಮೂಗಿನ ಹಿಂಭಾಗ, ತಲೆಬುರುಡೆಯ ತಳಕ್ಕೆ ಎಂಆರ್‌ಐ ಮೇಲು. ಅಸ್ಥಿಮಜ್ಜೆಗೆ ಹೊಕ್ಕಿದ್ದನ್ನೂ ನರದ ಗುಂಟ ಮೇಲಕ್ಕೆ ಹತ್ತಿದ್ದನ್ನೂ ಇದು ತೋರಿಸುತ್ತದೆ. ನರದ ಗುಂಟ ಹೋದ ರೋಗ ಗಡ್ಡೆಯಿಂದ ಸಾಕಷ್ಟು ದೂರದಲ್ಲಿ ಇರಬಹುದು, ಹಾಗಾಗಿ ಗಡ್ಡೆಯ ಸುತ್ತಮುತ್ತ ಮಾತ್ರ ನೋಡಿ ನಿಲ್ಲಿಸುವಂತಿಲ್ಲ. ಆದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಾಡದೆ ಮಲಗಬೇಕು; ಎಂಜಲು ನುಂಗಿದರೂ ಚಿತ್ರ ಮಸುಕಾಗುತ್ತದೆ.

ದುಗ್ಧಗ್ರಂಥಿಗಳ ವಿಷಯದಲ್ಲೇ ತಪ್ಪು ಹೆಚ್ಚು. ಕತ್ತಿನ ಗ್ರಂಥಿಗಳನ್ನು ಅವು ಇರುವ ಜಾಗಕ್ಕೆ ತಕ್ಕಂತೆ ಲೆವೆಲ್‌ಗಳಾಗಿ ವಿಂಗಡಿಸಿದ್ದಾರೆ. ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಲೆವೆಲ್ 1ರಿಂದ 3ಕ್ಕೆ, ಧ್ವನಿಪೆಟ್ಟಿಗೆಯದು 2ರಿಂದ 4ಕ್ಕೆ ಹರಡುತ್ತದೆ. ಮೂಗಿನ ಹಿಂಭಾಗದ್ದು ಗಂಟಲ ಹಿಂದಿನ ಗ್ರಂಥಿಗಳಿಗೂ ಹೋಗುತ್ತದೆ. ಅವು ಕೈಗೆ ಸಿಗುವುದಿಲ್ಲ, ಸ್ಕ್ಯಾನ್‌ನಲ್ಲೇ ಕಾಣಬೇಕು. ಅಡ್ಡಳತೆ 10 ಮಿ.ಮೀ. ದಾಟಿದ ಗ್ರಂಥಿಯನ್ನು ಅನುಮಾನಿಸುವುದು ರೂಢಿ. ಆದರೆ ಬರೀ ಸೋಂಕಿನಿಂದಲೂ ಗ್ರಂಥಿ ಊದುತ್ತದೆ, 6 ಮಿ.ಮೀ. ಗ್ರಂಥಿಯೊಳಗೂ ಕ್ಯಾನ್ಸರ್ ಅಡಗಿರಬಹುದು. ಅದಕ್ಕೇ ಗಾತ್ರಕ್ಕಿಂತ ರೂಪವನ್ನು ನಂಬಬೇಕು: ದುಂಡಗಾಗಿರುವುದು, ನಡುವಿನ ಕೊಬ್ಬು ಮಾಯವಾಗಿರುವುದು, ಒಳಗೆ ಕೊಳೆತ ಭಾಗ, ಒರಟಾದ ಅಂಚು. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಚುಚ್ಚಿ ಜೀವಕೋಶ ತೆಗೆದು ಪರೀಕ್ಷಿಸುತ್ತಾರೆ. ಬಾಯಿ, ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ನಲ್ಲಿ ಗ್ರಂಥಿಯ ಕವಚ ಒಡೆದು ರೋಗ ಹೊರಬಂದಿರುವುದು ಚಿಕಿತ್ಸೆಗೆ ಮುಂಚೆಯೇ ಸ್ಪಷ್ಟವಾಗಿದ್ದರೆ ಅದು ಎನ್3ಬಿ, ಅಂದರೆ ಎನ್‌ನ ಅತಿ ಮುಂದುವರಿದ ಹಂತ. ಈ ಹಂತ ಕೊಡಲು ಸ್ಕ್ಯಾನ್ ಒಂದೇ ಸಾಲದು. ಗಂಟು ಅಲುಗದೆ ಅಂಟಿಕೊಂಡಿರುವುದು, ಚರ್ಮಕ್ಕೆ ಹಬ್ಬಿರುವುದು ಮುಂತಾದ ಲಕ್ಷಣ ವೈದ್ಯರ ಕೈಗೆ, ಕಣ್ಣಿಗೆ ಸಿಗಬೇಕು.

ದೂರದ ಹರಡುವಿಕೆ ಹೆಚ್ಚಾಗಿ ಶ್ವಾಸಕೋಶಕ್ಕೆ. ಎದೆಯ ಸಿಟಿ ಅಥವಾ ಪೆಟ್-ಸಿಟಿ ಇದನ್ನು ಹುಡುಕುತ್ತದೆ. ಕತ್ತಿನಲ್ಲಿ ಗಂಟಿದ್ದು ಮೂಲ ಗಡ್ಡೆ ಎಲ್ಲಿದೆಯೆಂದು ತಿಳಿಯದಿದ್ದಾಗಲೂ ಪೆಟ್-ಸಿಟಿ ನೆರವಿಗೆ ಬರುತ್ತದೆ. ಇದರಲ್ಲಿ ವಿಕಿರಣ ಬೆರೆಸಿದ ಸಕ್ಕರೆಯಂಥ ಔಷಧ ಚುಚ್ಚಿ ಸುಮಾರು 60 ನಿಮಿಷ ಕಾಯುತ್ತಾರೆ; ಅದನ್ನು ಹೆಚ್ಚು ಹೀರಿಕೊಂಡ ಕ್ಯಾನ್ಸರ್ ಚಿತ್ರದಲ್ಲಿ ಹೊಳೆಯುತ್ತದೆ. ಔಷಧ ಚುಚ್ಚುವ ಮುಂಚೆ 4ರಿಂದ 6 ಗಂಟೆ ಉಪವಾಸ ಬೇಕು. ಕಾಯುವಾಗ ಮಾತಾಡಿದರೆ, ಏನನ್ನಾದರೂ ಜಗಿದರೆ ಆ ಸ್ನಾಯುಗಳೇ ಔಷಧ ಹೀರಿಕೊಂಡು ಹೊಳೆಯುತ್ತವೆ, ಅದು ರೋಗವೆಂದು ಭಾಸವಾಗಬಹುದು. ವಿಕಿರಣ ಚಿಕಿತ್ಸೆಯ ಉರಿಯೂತವೂ ಹಾಗೆಯೇ ಹೊಳೆಯುವುದರಿಂದ, ಚಿಕಿತ್ಸೆ ಮುಗಿದ ಮೇಲೆ ಫಲಿತಾಂಶ ನೋಡುವ ಪೆಟ್-ಸಿಟಿಗೆ 12 ವಾರ ಕಾಯುತ್ತಾರೆ.